ಕೈಗೆ ಗುರುತು ಸಿಗದ ಬೀರು

ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಗ್ಗೆ ಹಾಲಿನವನು ಬಂದು ಹೋದ ಮೇಲೆ, ಬಿಸಿಲು ಇನ್ನೂ ಕಿಟಕಿಯಿಂದ ಒಳಗೆ ಇಣುಕದ ಹೊತ್ತು. ನಾನು ಬಾಗಿಲ ಹತ್ತಿರ ಕೂತು ಚಪ್ಪಲಿಯ ಕಿತ್ತ ಪಟ್ಟಿ ಹೊಲಿಯುತ್ತಿದ್ದೆ. ಮೊಮ್ಮಗಳು ಮಹಡಿಯಿಂದ ದಡದಡ ಇಳಿದು ಬಂದಳು. ಅವಳ ಹಿಂದೆ ಒಬ್ಬ ಹೆಂಗಸು, ಕತ್ತಿನಲ್ಲಿ ಅಳತೆಯ ಟೇಪು, ಎರಡು ಕೈಯಲ್ಲೂ ಫೋನು.

ಮೊಮ್ಮಗಳನ್ನು ನಾವು ಕರೆಯುವುದು ಗಿಣಿ ಎಂದು. ನಡೆಯುವುದಕ್ಕೆ ಮುಂಚೆ ಮಾತು ಕಲಿತವಳು, ಇವತ್ತಿಗೂ ನಿಲ್ಲಿಸಿಲ್ಲ. ಅವಳೂ ಅವಳ ಅಮ್ಮ, ಎಂದರೆ ನನ್ನ ಮಗಳೂ, ಮೇಲಿನ ಮನೆಯಲ್ಲಿ ಇರುತ್ತಾರೆ. ಕೆಳಗೆ ನಾನು, ನಮ್ಮಾಕೆ.

"ತಾತಾ, ನನ್ ಮದುವೆ ನಿಮ್ಮಿಬ್ಬರ ಮದುವೆ ಥರಾನೇ ಆಗ್ಬೇಕು. ಎಪ್ಪತ್ತರ ದಶಕ! ಬಟ್ಟೆ, ಹಾಡು, ಕುರ್ಚಿ, ಮೇಜು, ಎಲ್ಲಾ ಆ ಕಾಲದ್ದೇ. ರೆಟ್ರೋ ಅಂತಾರೆ. ಇವರು ಅದನ್ನೆಲ್ಲ ಮಾಡಿಸಿಕೊಡೋರು."

"ನಮ್ಮ ಮದುವೇಲಿ ಕರೆಂಟು ಹೋಗಿತ್ತು. ಅದೂ ಬೇಕಾ?" ಎಂದೆ.

ಮದುವೆ ಮಾಡಿಸುವ ಆ ಮೇಡಂ ನಗಲಿಲ್ಲ. "ಮಾಡ್ಬಹುದು ಸರ್. ಐದು ನಿಮಿಷ ಲೈಟ್ ಆಫ್ ಮಾಡಿ ಮೇಣದಬತ್ತಿ ಹಚ್ಚೋಣ. ಫೋಟೋ ಚೆನ್ನಾಗಿ ಬರುತ್ತೆ," ಎಂದು ಫೋನಿನಲ್ಲಿ ಒತ್ತಿಕೊಂಡಳು. ಇವಳ ಹತ್ತಿರ ತಮಾಷೆಯಾಡಿದರೆ ಅದೂ ನಡೆದುಹೋಗುತ್ತದೆ ಎಂದು ನನಗೆ ಆಗಲೇ ಹೆದರಿಕೆಯಾಯಿತು.

ಆಕೆ ಮನೆಯೊಳಗೆಲ್ಲ ಓಡಾಡಿದಳು. ಮರದ ಬೀರುವನ್ನು ಬೆರಳಲ್ಲಿ ತಟ್ಟಿದಳು, ರೆಕ್ಸಿನ್ ಕುರ್ಚಿಯನ್ನು ಅಲ್ಲಾಡಿಸಿ ನೋಡಿದಳು, ರೇಡಿಯೋ ಇಟ್ಟ ಮೇಜಿನ ಮುಂದೆ ಬಗ್ಗಿ ನಿಂತಳು.

"ಈ ರೇಡಿಯೋ ಯಾವ ದಶಕದ್ದು ಸರ್?"

"ದಶಕದ್ದಲ್ಲಮ್ಮ, ನಮ್ಮ ಮಾವಂದು."

ಅಷ್ಟರಲ್ಲಿ ನಮ್ಮಾಕೆ ಮಲಗುವ ಕೋಣೆಯಿಂದ ಹೊರಗೆ ಬಂದಳು. ಬೀರುವಿನ ಅಂಚು ಸವರಿ, ಕುರ್ಚಿಯ ಬೆನ್ನು ಮುಟ್ಟಿ, "ಯಾರೋ ಬಂದಿದಾರೆ, ನಿಲ್ಲಿಸಿಕೊಂಡೇ ಮಾತಾಡ್ಸ್ತೀರಲ್ಲ, ಕೂರಿಸಬಾರ್ದಾ?" ಎಂದು ನನ್ನನ್ನು ಬೈದಳು. ರೇಡಿಯೋ ಮೇಜಿನ ಮೇಲೆ ಒಂದು ಗಳಿಗೆ ಕೈ ಊರಿ, ಅಲ್ಲಿಂದ ನೇರ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು. ಮೇಡಂ ಹಿಂದೆಯೇ ಹೋಗಿ ಫೋನು ಅವಳ ಮುಖಕ್ಕೆ ಹಿಡಿದು, "ಅಜ್ಜಿ, ಸ್ಟೇಜು ಹೀಗೆ ಬರುತ್ತೆ ನೋಡಿ," ಎಂದಳು.

"ಚೆನ್ನಾಗಿದೆ. ಬಣ್ಣ ಸ್ವಲ್ಪ ಜಾಸ್ತಿ ಆಯ್ತು," ಎಂದಳು ನಮ್ಮಾಕೆ, ಒಂದಿಷ್ಟೂ ನಗದೆ.

ಗಿಣಿ ಬಾಯಿ ಮುಚ್ಚಿಕೊಂಡು ನಕ್ಕಳು. ನಮ್ಮಾಕೆಗೆ ಕಣ್ಣು ಕಾಣುವುದಿಲ್ಲ. ಗಿಣಿ ಹುಟ್ಟುವ ಮೊದಲೇ ಮಬ್ಬಾಗುತ್ತ ಬಂದು, ಅವಳಿಗೆ ಹಲ್ಲು ಬರುವ ಹೊತ್ತಿಗೆ ಪೂರ್ತಿ ಹೋಗಿತ್ತು. ಆದರೆ ಹೊಸಬರು ಯಾರಿಗೂ ಅದು ಗೊತ್ತಾಗುವುದಿಲ್ಲ. ಮನೆಯೊಳಗೆ ಅವಳು ಕಣ್ಣಿದ್ದವರಿಗಿಂತ ಚುರುಕು. ಬೀರುವಿನ ಅಂಚಿನಲ್ಲಿ ಬಾಗಿಲ ಚಿಲಕ ಬಡಿದು ಬಡಿದು ಒಂದು ಗುಳಿ ಬಿದ್ದಿತ್ತು. ಬೆರಳು ಆ ಗುಳಿಗೆ ಇಳಿಯಿತೆಂದರೆ ಎಡಕ್ಕೆ ತಿರುಗಬೇಕು. ಮುಂದೆ ಕುರ್ಚಿ. ನಾನು ಬಸ್ಸು ಕಟ್ಟುವ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದವನು; ಅಲ್ಲಿ ಮಿಕ್ಕ ಎರಡು ತುಂಡು ರೆಕ್ಸಿನ್ ತಂದು ಅದರ ಬೆನ್ನಿಗೆ ಹೊದಿಸಿದ್ದೆ. ತುಂಡು ಸಾಲದೆ ನಡುವೆ ಒಂದು ಸೊಟ್ಟ ಹೊಲಿಗೆ ಬಂದಿತ್ತು. ಆ ಹೊಲಿಗೆ ಸಿಕ್ಕಿದರೆ ಬಲಗಡೆ ಬಚ್ಚಲು. ಅದರ ಮುಂದೆ ರೇಡಿಯೋ ಮೇಜು. ಅದರ ಮೇಲೆ ಯಾವಾಗಲೋ ಇಸ್ತ್ರಿಪೆಟ್ಟಿಗೆ ಮರೆತು ಇಟ್ಟು ಸುಟ್ಟ ಗುರುತು, ಒರಟು ತಗ್ಗು. ಅದು ಸಿಕ್ಕಿದರೆ ಅಡುಗೆಮನೆಯ ಹೊಸಿಲು ಬಂತು ಎಂದು ಲೆಕ್ಕ. ಗಿಣಿ ಚಿಕ್ಕವಳಾಗಿದ್ದಾಗ ಆ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು, ಅಜ್ಜಿ ಹುಡುಕಲಿ ಎಂದು ಗೆಣ್ಣಿನಿಂದ ಟಕಟಕ ಬಡಿಯುತ್ತಿದ್ದಳು.

ಆ ಮೂರು ಸಾಮಾನೇ ಮೇಡಂಗೆ ಬೇಕಾಗಿದ್ದವು.

"ಅವು ಬೇಡ," ಎಂದೆ. "ಇವಳು ಹಿಡ್ಕೊಂಡು ಓಡಾಡೋದು ಅವನ್ನೇ."

"ಮದುವೆ ಆಗೋ ತನಕ ಅಷ್ಟೇ ಸರ್. ಬದಲಿಗೆ ಹೊಸ ಕುರ್ಚಿ ಕೊಡ್ತೀವಿ."

ನಾನು ಇನ್ನೇನೋ ಹೇಳುವುದರಲ್ಲಿದ್ದೆ. ನಮ್ಮಾಕೆ ಟೀ ಲೋಟ ಹಿಡಿದು ಬಂದು ನಡುವೆ ಬಾಯಿ ಹಾಕಿದಳು. "ತೊಗೊಂಡ್ಹೋಗ್ಲಿ ಬಿಡಿ. ಗಿಣೀ, ನಂದೊಂದು ಮಾತಿದೆ. ಮದುವೆ ದಿನ ನಾನು ಬಾಗಿಲಿಂದ ನಿನ್ ಹತ್ರ ತನಕ ಒಬ್ಬಳೇ ನಡ್ಕೊಂಡು ಬರ್ತೀನಿ. ಯಾರೂ ಕೈ ಹಿಡೀಬಾರ್ದು. ಬಂದು ನಿನ್ ಮುಖ ಮುಟ್ಟಿ ನೋಡ್ತೀನಿ. ಎಲ್ಲರೂ ನೋಡೋ ಮದುಮಗಳನ್ನ ನಾನೂ ನೋಡ್ಬೇಡ್ವಾ?"

ಗಿಣಿಗೆ ಉಪಾಯ ಹೊಳೆದು ಚಪ್ಪಾಳೆ ತಟ್ಟಿದಳು. "ಅಜ್ಜೀ, ಈ ಮೂರನ್ನೂ ಅಲ್ಲಿ ಹೀಗೇ ಸಾಲಾಗಿ ಇಡಿಸ್ತೀನಿ. ಬೀರು, ಕುರ್ಚಿ, ಮೇಜು, ಮುಂದೆ ನಾನು. ನೀನು ಅಡುಗೆಮನೆಗೆ ಹೋದ ಹಾಗೆ ಬಂದ್ಬಿಡು!"

ನಮ್ಮಾಕೆಯ ಮುಖ ಅರಳಿತು. ಇನ್ನು ನನ್ನ ಮಾತು ಎಲ್ಲಿ ನಡೆಯಬೇಕು?

ವ್ಯಾನು ಬಂದು ಸಾಮಾನು ಹೊತ್ತುಕೊಂಡು ಹೋದ ಮೇಲೆ ಮನೆ ಬೋಳಾಯಿತು. ಮೇಡಂ ಕೊಟ್ಟ ಹೊಸ ಕುರ್ಚಿಗಳು ಪ್ಲಾಸ್ಟಿಕ್ಕಿನವು. ಕೈ ಊರಿದರೆ ಜಾರಿ ಅತ್ತ ಹೋಗುತ್ತಿದ್ದವು. ಅದೇ ಸಂಜೆ ನಮ್ಮಾಕೆ ಗೋಡೆಗೆ ಹಣೆ ಬಡಿದುಕೊಂಡಳು. ಮರುದಿನ ಬಚ್ಚಲು ಎಂದುಕೊಂಡು ಹೊರಬಾಗಿಲಿಗೆ ಹೋಗಿ ನಿಂತಿದ್ದಳು. ಕೋಣೆಯ ಬಾಗಿಲಿಂದ ಅಡುಗೆಮನೆಯವರೆಗೆ ನಾನು ಬಟ್ಟೆ ಒಣಗಿಸುವ ಹಗ್ಗ ಬಿಗಿದೆ.

"ನಾನೇನು ಎಮ್ಮೆನಾ, ಹಗ್ಗ ಕಟ್ಟೋಕೆ?" ಎಂದಳು. ಹಿಡಿದುಕೊಂಡು ಒಂದೆರಡು ದಿನ ಓಡಾಡಿದಳು. ಆಮೇಲೆ ಅದನ್ನೂ ಬಿಟ್ಟಳು. ಮಂಚದ ಮೇಲೆ ಕೂತು, "ರೀ, ನೀರು ಕೊಡಿ. ರೀ, ಬಚ್ಚಲಿಗೆ ಕರ್ಕೊಂಡು ಹೋಗಿ," ಎನ್ನತೊಡಗಿದಳು. ಒಂದು ದಿನ ಟೀ ಲೋಟ ಕೈಗೆ ಕೊಟ್ಟಾಗ ತಣ್ಣಗೆ ಹೇಳಿದಳು: "ಇಷ್ಟು ವರ್ಷ ನಾನು ಕುರುಡಿ ಅಂತ ನನಗೇ ಮರೆತುಹೋಗಿತ್ತು ನೋಡಿ."

ನಾನು ಮಹಡಿ ಹತ್ತಿ ಮಗಳಿಗೆ ಹೇಳಿದೆ. ಅವಳು ಫೋನಿನಲ್ಲಿ ಹೂವಿನವನ ಜೊತೆ ಜಗಳದಲ್ಲಿದ್ದಳು. "ಅಪ್ಪಾ, ಸ್ವಲ್ಪ ದಿನ ಹೊಂದ್ಕೊಳ್ಳಿ. ನನಗೇ ತಲೆ ಚಿಟ್ಟು ಹಿಡಿದುಹೋಗಿದೆ," ಎಂದಳು. ಸುಳ್ಳಲ್ಲ, ಅವಳಿಗೂ ಹಿಡಿದಿತ್ತು. ಯಾಕೆಂದರೆ ಅಷ್ಟರಲ್ಲಿ ಗಂಡಿನ ಅಕ್ಕ ಬಂದು, ಎಪ್ಪತ್ತು ಬರೀ ಮಣ್ಣಿನ ಬಣ್ಣ, ಎಂಬತ್ತು ಮಾಡೋಣ, ಮಿಣಮಿಣ ಅನ್ನುತ್ತೆ ಎಂದು ಹೇಳಿ ಎಲ್ಲವನ್ನೂ ಹತ್ತು ವರ್ಷ ಮುಂದಕ್ಕೆ ತಳ್ಳಿದ್ದಳು. ಹೊಲಿಯಲು ಕೊಟ್ಟ ಬಟ್ಟೆ ವಾಪಸು ಬಂತು. ನನಗೆ ಕಿವಿ ಪಕ್ಕ ಕೂದಲು ಉದ್ದ ಬಿಡಿ ಎಂದಿದ್ದ ಮೇಡಂ, ಈಗ ತೆಗೆಸಿಬಿಡಿ ಎಂದಳು. ತೆಗೆಸಿದ ಮೇಲೆ ಮತ್ತೆ ಎಪ್ಪತ್ತೇ ಆಯಿತು. ಗಂಡಿಗೆ ಬೆಲ್‌ಬಾಟಮ್ ಪ್ಯಾಂಟೇ ಬೇಕಂತೆ.

"ಈಗ ಕೂದಲು ಎಲ್ಲಿಂದ ತರಲಮ್ಮ?" ಎಂದೆ.

"ಅಂಟಿಸ್ತೀವಿ ಸರ್, ಯೋಚನೆ ಮಾಡ್ಬೇಡಿ."

ಎಂಬತ್ತರ ಮಾತು ನಡೆದ ಆ ನಾಲ್ಕಾರು ದಿನದಲ್ಲಿ ನಾನು ಮೇಡಂಗೆ ಫೋನು ಮಾಡಿಸಿದ್ದೆ. ನಮ್ಮ ಸಾಮಾನು ಆ ಕಾಲದ್ದಲ್ಲವಲ್ಲ, ವಾಪಸು ಕಳಿಸಿಬಿಡಿ ಎಂದು. "ಅಯ್ಯೋ, ಅವು ಪಾಲಿಶಿಗೆ ಹೋಗಿವೆ ಸರ್," ಎಂದಿದ್ದಳು. ಪಾಲಿಶು ತಾನೇ, ಧೂಳು ಒರೆಸಿ ಎಣ್ಣೆ ಹಚ್ಚುತ್ತಾರೆ ಎಂದುಕೊಂಡು ಸುಮ್ಮನಾದೆ.

ಮದುವೆ ಭಾನುವಾರ. ಶುಕ್ರವಾರ ಮಧ್ಯಾಹ್ನ ಗಿಣಿ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಮದುವೆಯ ಹಾಲ್‌ಗೆ ಕರೆದೊಯ್ದಳು, ಅಜ್ಜಿ ಒಂದು ಸಲ ನಡೆದು ನೋಡಲಿ ಎಂದು. ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಿದ್ದಳು, ಅದನ್ನು ಇಲ್ಲ ಎನ್ನಲಾರೆ. ಪಕ್ಕದ ಬಾಗಿಲಿಂದ ಸ್ಟೇಜಿನ ತನಕ ಬೀರು, ಕುರ್ಚಿ, ಮೇಜು, ನಮ್ಮ ಮನೆಯ ಅಂತರಕ್ಕೇ ಇಟ್ಟಿದ್ದರು. ಬೀರು ತಿಳಿಹಸಿರು ಬಣ್ಣಕ್ಕೆ ತಿರುಗಿತ್ತು; ಅಲ್ಲಲ್ಲಿ ಬಣ್ಣ ಎದ್ದುಹೋದ ಹಾಗೆ ಉಜ್ಜಿದ್ದರು.

ನಮ್ಮಾಕೆ ಸೆರಗು ಸರಿಮಾಡಿಕೊಂಡು, ನನ್ನ ಕೈ ಬಿಟ್ಟು ಮುಂದೆ ಹೋದಳು. ಬೀರುವಿನ ಮೇಲೆ ಕೈ ಇಟ್ಟಳು. ಅಂಚು ಸವರಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

"ಇದು ನಮ್ಮದಲ್ಲ," ಎಂದಳು.

"ನಮ್ಮದೇ ಅಜ್ಜಿ!"

"ಅಲ್ಲ ಕಣೇ. ಯಾರ ಮನೇದೋ ತಂದಿಟ್ಟಿದಾರೆ."

ಅವಳು ಹಾಗೇ ಮುಂದೆ ಹೋದಳು. ಕುರ್ಚಿಯ ಬೆನ್ನು ಮುಟ್ಟಿ, ಇದೂ ಅಲ್ಲ ಎನ್ನುವಂತೆ ಬಿಟ್ಟಳು. ಅಲ್ಲಿಂದ ಓರೆಯಾಗಿ ನಡೆದು ಹೂವಿನ ಸ್ಟ್ಯಾಂಡಿಗೆ ಕಾಲು ತಗುಲಿಸಿಕೊಂಡು ನಿಂತುಬಿಟ್ಟಳು. ಮೇಡಂ ಜೊತೆ ಮೊದಲೇ ಅಲ್ಲಿಗೆ ಬಂದಿದ್ದ ಮಗಳು ನನ್ನ ಕಿವಿಯ ಹತ್ತಿರ ಬಂದು, "ಅಪ್ಪಾ, ಅಮ್ಮಂಗೆ ಮರೆವು ಶುರುವಾಗಿದೆಯೇನೋ. ಮದುವೆ ಮುಗೀಲಿ, ಡಾಕ್ಟರ್ ಹತ್ರ ಹೋಗೋಣ," ಎಂದಳು.

ಪಿಸುಮಾತಾಡಿದರೂ ನಮ್ಮಾಕೆಗೆ ಕೇಳಿಸಿತು. ಅವಳಿಗೆ ಎಲ್ಲವೂ ಕೇಳಿಸುತ್ತದೆ.

ಬೀರುವಿನ ಹತ್ತಿರ ಹೋಗಿ ನಾನೂ ಕಣ್ಣು ಮುಚ್ಚಿ ಅಂಚು ಸವರಿದೆ. ಬೆಣ್ಣೆಯ ಹಾಗೆ ಜಾರಿತು. ಗುಳಿ ಇರಲಿಲ್ಲ. ಕುರ್ಚಿಗೆ ಹೊಸ ರೆಕ್ಸಿನ್, ಹೊಲಿಗೆಯೇ ಇಲ್ಲ. ಮೇಜು ಗಾಜಿನಷ್ಟು ನುಣುಪು. ರೇಡಿಯೋ ಒಳಗಿನ ಸಾಮಾನೆಲ್ಲ ತೆಗೆದು ಒಂದು ಬಲ್ಬು ಇಟ್ಟಿದ್ದರು.

"ಇದರಲ್ಲಿದ್ದ ಗುಳಿ ಏನಾಯ್ತಮ್ಮ?" ಎಂದು ಮೇಡಂನ ಕೇಳಿದೆ.

"ಎಲ್ಲಾ ಮುಚ್ಚಿಸಿದೀವಿ ಸರ್!" ಎಂದಳು ಖುಷಿಯಿಂದ. "ತುಂಬ ಹಾಳಾಗಿತ್ತು. ಉಜ್ಜಿ, ತುಂಬಿಸಿ, ಬಣ್ಣ ಹೊಡೆದು, ಆಮೇಲೆ ಹಳೇದರ ಥರ ಕಾಣ್ಲಿ ಅಂತ ಮತ್ತೆ ಉಜ್ಜಿಸಿದೀವಿ."

"ಹಳೇದಾಗೇ ಇತ್ತಲ್ಲಮ್ಮ."

"ಅದು ಬರೀ ಹಳೇದು ಸರ್. ಇದು ರೆಟ್ರೋ."

ಗಿಣಿಯ ಮುಖ ಬಿಳಿಚಿಕೊಂಡಿತು. "ನಾನೇ ಹೇಳಿದ್ದು ತಾತ," ಎಂದಳು. "ಮದುವೆ ಆದ್ಮೇಲೆ ನಿಮಗೆ ಹೊಸದರ ಥರ ವಾಪಸ್ ಕೊಡೋಣ ಅಂತ. ಅಜ್ಜಿಗೆ ಸರ್‌ಪ್ರೈಸ್ ಅಂತ." ಓಡಿಹೋಗಿ ಅಜ್ಜಿಯ ಕೈ ಹಿಡಿದಳು. "ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಜ್ಜಿ ಅವತ್ತು."

ನಮ್ಮಾಕೆ ಕೈ ಬಿಡಿಸಿಕೊಂಡಳು. ಮನೆಗೆ ಬಂದು ಮಂಚದ ಮೇಲೆ ಕೂತ ಮೇಲೆ ಅಂದಳು: "ನಾನು ಬರಲ್ಲ ರೀ. ಎಲ್ಲರ ಮುಂದೆ ಕೈ ಹಿಡಿಸ್ಕೊಂಡು ಹೋಗೋದಾದ್ರೆ ಇಲ್ಲೇ ಕೂತಿರ್ತೀನಿ. ಮರೆವಿನ ಮುದುಕಿ ಬಂದ್ಲು ಅಂತ ಅವರು ಅನ್ನೋದು ಬೇಡ, ನಾನು ಕೇಳಿಸ್ಕೊಳ್ಳೋದೂ ಬೇಡ."

ನಾನು ಜಗಳವಾಡುವವನಲ್ಲ. ಕಾರ್ಖಾನೆಯಲ್ಲೂ ನನ್ನನ್ನು ಮೌನಿಬಾಬಾ ಅನ್ನುತ್ತಿದ್ದರು. ಆದರೆ ಶನಿವಾರ ಮಧ್ಯಾಹ್ನ ಚೀಲದಲ್ಲಿ ನನ್ನ ಸೀಟು ಹೊಲಿಯುವ ಸೂಜಿ, ದಾರ, ಅಡುಗೆಮನೆಯ ಚಾಕು, ಇಸ್ತ್ರಿಪೆಟ್ಟಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಹಾಲ್‌ನಲ್ಲಿ ಎಲ್ಲರೂ ಹಿಂದುಗಡೆ ಊಟಕ್ಕೆ ಕೂತಿದ್ದರು. ಕಾವಲಿನವನು ಚೀಲ ನೋಡಿ ಇಸ್ತ್ರಿಯವನು ಎಂದುಕೊಂಡು ಒಳಗೆ ಬಿಟ್ಟ.

ಬೀರುವಿನ ಅಂಚನ್ನು ಚಾಕುವಿನಲ್ಲಿ ಕೆತ್ತಿದೆ. ಗುಳಿ ಗುಳಿಯ ಹಾಗಾಗದೆ ಇಲಿ ಕಡಿದ ಹಾಗಾಯಿತು. ಹಸಿರು ಬಣ್ಣ ಸಿಪ್ಪೆಸಿಪ್ಪೆಯಾಗಿ ಉದುರಿತು. ಕುರ್ಚಿಯ ಬೆನ್ನಿಗೆ ಅಡ್ಡಡ್ಡ ಹೊಲಿಗೆ ಹಾಕಿದೆ. ಸೊಟ್ಟ ಮಾಡಲು ಕಷ್ಟಪಡಬೇಕಾಗಲಿಲ್ಲ, ಈ ವಯಸ್ಸಿಗೆ ಅದು ತಾನಾಗಿ ಬರುತ್ತದೆ. ಆಮೇಲೆ ಇಸ್ತ್ರಿಪೆಟ್ಟಿಗೆಯ ವೈರು ಸಿಕ್ಕಿಸಿ, ಕಾಯಲಿ ಎಂದು ಮೇಜಿನ ಪಕ್ಕ ಕಾದು ನಿಂತೆ. ಮೇಜಿಗೆ ಮುಟ್ಟಿಸಿದ್ದೇ ತಡ, ಬಣ್ಣ ಸುಟ್ಟ ಕಮಟು ಹಾಲ್ ತುಂಬ ಹರಡಿತು. ಮೇಡಂ ಎಂಜಲು ಕೈಯಲ್ಲೇ ಓಡಿ ಬಂದಳು.

"ಸರ್! ಏನ್ ಮಾಡ್ತಿದೀರಿ ಸರ್? ಎಷ್ಟು ಕಷ್ಟಪಟ್ಟು ಹಳೇ ಥರ ಮಾಡ್ಸಿದೀವಿ ಗೊತ್ತಾ?"

"ನಾನೂ ಅದನ್ನೇ ಮಾಡ್ತಿದೀನಮ್ಮ."

ಆಕೆ ವೈರು ಕಿತ್ತಳು. ಮಗಳೂ ಬಂದಳು, ಹಿಂದೆಯೇ ಬೀಗರ ಕಡೆಯವರು. "ಅಪ್ಪಾ, ಮದುವೆ ಹಿಂದಿನ ದಿನ ಮರ್ಯಾದೆ ಕಳೀಬೇಡಿ," ಎಂದು ಮಗಳು ಹಲ್ಲು ಕಚ್ಚಿ ಹೇಳಿ, ಇಸ್ತ್ರಿಪೆಟ್ಟಿಗೆ ಕಸಿದುಕೊಂಡು ಕಾರಿನ ಡಿಕ್ಕಿಗೆ ಹಾಕಿದಳು. ಮೇಜಿನ ಮೇಲೆ ಒಂದು ಕಲೆ ಬಿದ್ದಿತ್ತು. ಪಾಲಿಶಿನವನು ಬಂದು ಅದನ್ನೂ ಒರೆಸಿ ನುಣ್ಣಗೆ ಮಾಡಿದ. ಬೀರು ಮತ್ತು ಕುರ್ಚಿಯ ಕಡೆ ಯಾರ ಗಮನವೂ ಹೋಗಲಿಲ್ಲ, ನಾನೂ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ನಮ್ಮಾಕೆಯ ಸೀರೆ ತಂದು ಮಂಚದ ಮೇಲಿಟ್ಟೆ.

"ಬರಲ್ಲ ಅಂದ್ನಲ್ಲ."

"ಗುರುತು ಇದೆ, ಬಾ."

"ಯಾರು ಹಾಕಿದ್ದು?"

"ಬಾ ಅಂದ್ನಲ್ಲ." ಮೇಜಿನದು ಹಾಕಲಾಗಲಿಲ್ಲ ಎಂದು ಹೇಳಬೇಕಿತ್ತು. ಹೇಳಿದ್ದರೆ ಅವಳು ಏಳುತ್ತಿರಲಿಲ್ಲ.

ಹಾಲ್ ತುಂಬ ಜನ. ಎಲ್ಲರೂ ದೊಡ್ಡ ಕಾಲರು, ದೊಡ್ಡ ಕನ್ನಡಕ. ನನ್ನ ಕಿವಿಯ ಪಕ್ಕ ಅಂಟಿಸಿದ ಕೂದಲು ಬೆವರಿಗೆ ಒಂದು ಕಡೆ ಜೋತು ಬಿದ್ದಿತ್ತು. ಪಕ್ಕದ ಬಾಗಿಲಲ್ಲಿ ನಮ್ಮಾಕೆ ನನ್ನ ಕೈ ಬಿಟ್ಟಳು.

ಬೀರುವಿನ ಅಂಚು ಸವರಿದಳು. ಸಿಗಲಿಲ್ಲ. ಮತ್ತೆ ಸವರಿದಳು. ಆಗ ನನಗೆ ಹೊಳೆಯಿತು: ನಾನು ಕೆತ್ತಿದ್ದು ನನ್ನ ಕೈಯ ಎತ್ತರಕ್ಕೆ, ಅವಳು ನನಗಿಂತ ಗಿಡ್ಡ. ಮೇಲೆ ಎಂದು ಕೂಗಬೇಕು ಅನ್ನಿಸಿತು, ನಾಲಿಗೆ ಕಚ್ಚಿಕೊಂಡೆ. ಅವಳ ಬೆರಳು ತಾನಾಗಿ ಮೇಲಕ್ಕೆ ಹತ್ತಿತು.

"ಸ್! ಸಿಬಿರು ಚುಚ್ತಲ್ಲ ರೀ," ಎಂದಳು ಜೋರಾಗಿ. "ಚಾಕೂಲಿ ಕೆತ್ತಿದ್ರಾ?"

ಹತ್ತಿರ ಕೂತವರು ನಕ್ಕರು. ಅವಳು ಎಡಕ್ಕೆ ತಿರುಗಿದಳು. ಕುರ್ಚಿಯ ಬೆನ್ನಿನ ಹೊಲಿಗೆಯ ಮೇಲೆ ಬೆರಳು ಓಡಿಸಿ, "ಸೊಟ್ಟ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಂದೆ ಹೋದಳು. ಬೆನ್ನು ನೆಟ್ಟಗಿತ್ತು. ಅಡುಗೆಮನೆಗೆ ಹೋಗುವಾಗಿನ ನಡಿಗೆಯೇ.

ಮೇಜು ಬಂತು. ಕೈ ಊರಿದಳು. ಅಂಗೈ ಆ ನುಣುಪಿನ ಮೇಲೆ ಅತ್ತ ಇತ್ತ ಹರಿದಾಡಿತು. ನಿಂತಳು. ಅಲ್ಲಿಂದ ಸ್ಟೇಜಿಗೆ ನಾಲ್ಕು ಹೆಜ್ಜೆ ಇದ್ದೀತು, ಆದರೆ ಯಾವ ಕಡೆಗೆ ಎಂದು ಅವಳಿಗೆ ಗೊತ್ತಾಗಬೇಕಲ್ಲ. ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ ನಿಂತಿದ್ದಳು. ಮೇಡಂ ಯಾರಿಗೋ ಸನ್ನೆ ಮಾಡಿದಳು, ಹಿಡ್ಕೊಳ್ಳಿ, ಹಿಡ್ಕೊಳ್ಳಿ ಎಂದು. ಬಾಗಿಲ ಪಕ್ಕದಲ್ಲೇ ಕೂತಿದ್ದ ಮಗಳು ಎದ್ದಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ.

ಆಗ ಸ್ಟೇಜಿನ ಮೇಲಿಂದ ಸದ್ದು ಬಂತು. ಟಕಟಕ. ಟಕಟಕ.

ಗಿಣಿ ಕುರ್ಚಿಯಿಂದ ಎದ್ದು ಮಂಡಿಯೂರಿ, ಸ್ಟೇಜಿನ ಹಲಗೆಯ ಮೇಲೆ ಗೆಣ್ಣಿನಿಂದ ಬಡಿಯುತ್ತಿದ್ದಳು. ಬಾಯಿ ಬಿಟ್ಟು ಒಂದು ಮಾತಾಡಲಿಲ್ಲ, ಅವಳಂಥವಳು.

ನಮ್ಮಾಕೆ ತಲೆ ಓರೆ ಮಾಡಿ ಕೇಳಿಸಿಕೊಂಡಳು. ತುಟಿ ಅಂಚಿನಲ್ಲಿ ನಗು ಬಂತು. ಮೇಜಿನಿಂದ ಕೈ ತೆಗೆದು ಸದ್ದಿನ ಕಡೆಗೆ ನಡೆದಳು, ಮೆಟ್ಟಿಲನ್ನು ಕಾಲಿನ ಬೆರಳಲ್ಲೇ ಅಳೆದು ಹತ್ತಿದಳು, ಬಗ್ಗಿ ಎರಡೂ ಕೈಯಿಂದ ಮೊಮ್ಮಗಳ ಮುಖ ಹಿಡಿದಳು. ಹಿಡಿದವಳು ಹುಬ್ಬು ಗಂಟಿಕ್ಕಿದಳು. ಕೆನ್ನೆ ಉಜ್ಜಿದಳು, ಹುಬ್ಬು ಉಜ್ಜಿದಳು, ಬೆರಳಿಗೆ ಬಂದ ಪುಡಿಯನ್ನು ಮೂಸಿ ನೋಡಿದಳು.

"ಅಯ್ಯೋ, ನಿನಗೂ ಪಾಲಿಶ್ ಹೊಡೆದುಬಿಟ್ರಾ?"

ಮುಂದಿನ ಸಾಲು ಗೊಳ್ಳೆಂದಿತು. ಗಿಣಿ ಅಳುತ್ತಲೇ ನಕ್ಕಳು. ನಮ್ಮಾಕೆ ನಗಲಿಲ್ಲ. ಅವಳ ಬೆರಳು ಇನ್ನೂ ಹುಡುಕುತ್ತಿತ್ತು. ಕಿವಿಯ ಹಿಂದೆ, ಗಿಣಿ ಚಿಕ್ಕವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಹಾಕಿಸಿದ ಹೊಲಿಗೆಯ ಗೆರೆ ಇದೆ. ಅದು ಸಿಕ್ಕಿತು.

"ಹ್ಞಾ," ಎಂದಳು. "ಇದೊಂದನ್ನ ಬಿಟ್ಟಿದಾರೆ."

ಮಂಗಳವಾರ ವ್ಯಾನು ಬಂದು ಮೂರು ಸಾಮಾನನ್ನೂ ಇಳಿಸಿ ಹೋಯಿತು. ಕುರ್ಚಿಯ ಹೊಲಿಗೆ ಫೋಟೋದಲ್ಲಿ ತುಂಬ ಚೆನ್ನಾಗಿ ಬಂದಿದೆ, ಇನ್ನೊಂದು ಮದುವೆಗೂ ಹಾಗೇ ಹೊಲಿದುಕೊಡುತ್ತೀರಾ ಎಂದು ಮೇಡಂ ಕೇಳಿಕಳಿಸಿದ್ದಳು. ರೇಡಿಯೋ ಹಾಡುವುದಿಲ್ಲ, ಗುಂಡಿ ತಿರುಗಿಸಿದರೆ ದೀಪ ಹತ್ತುತ್ತದೆ. ನಮ್ಮಾಕೆಗೆ ಅದರಿಂದ ಏನಾಗಬೇಕು? ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇಡಲೇ ಎಂದು ಕೇಳಿದೆ. "ಮನೆ ಸುಟ್ಟೀರಿ, ಸುಮ್ನಿರಿ. ನಾನೇ ಕಲೀತೀನಿ," ಎಂದಳು. ಕಲಿಯುವುದು ನಿಧಾನ. ಈಗಲೂ ಅಡುಗೆಮನೆಗೆ ಹೋಗಬೇಕಾದವಳು ಒಮ್ಮೊಮ್ಮೆ ಹೊರಬಾಗಿಲಲ್ಲಿ ನಿಂತಿರುತ್ತಾಳೆ. ಹಗ್ಗ ಹಾಗೇ ಇದೆ.

ಬುಧವಾರ, ಗಂಡನ ಜೊತೆ ಹೊರಡುವ ದಿನ, ಗಿಣಿ ನಮಗೆ ಹೇಳಿಹೋಗಲು ಕೆಳಗೆ ಬಂದಳು. ತನ್ನ ಸೂಟ್‌ಕೇಸನ್ನು ಬೀರುವಿಗೂ ಕುರ್ಚಿಗೂ ನಡುವೆ ಇಟ್ಟು ಮಾತಿಗೆ ನಿಂತಳು. ಒಳಗಿಂದ ಬಂದ ನಮ್ಮಾಕೆ ಅದಕ್ಕೆ ಮೊಣಕಾಲು ಬಡಿದುಕೊಂಡಳು.

"ದಾರೀಲಿ ಪೆಟ್ಟಿಗೆ ಇಟ್ಟವರು ಯಾರು?"

"ನಾನು ಅಜ್ಜಿ. ತಪ್ಪಾಯ್ತು. ತೆಗೀತೀನಿ."

"ತೆಗಿ ಮತ್ತೆ. ತೆಗೆದು ಹೊರಡು, ಗಂಡ ಕಾಯ್ತಿದಾನೆ."

ಗಿಣಿ ಪೆಟ್ಟಿಗೆ ಎತ್ತಿಕೊಂಡಳು. ಹೋಗುವಾಗ ರೇಡಿಯೋ ಮೇಜಿನ ಮೇಲೆ ಎರಡು ಸಲ ಬಡಿದು ಹೋದಳು.